ಕೂಸಿಲ್ಲದ ಬಾಣಂತನ

ಮೊನ್ನೆ ಚಿಕ್ಕಮಗಳೂರಿನ ಒಂದು ಗ್ರಂಧಿಗೆ ಅಂಗಡಿಯಲ್ಲಿ ನಿಂತಿದ್ದೆ. ಚಿಕ್ಕಪ್ಪನ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತಿ ಖಾರದ ಸಾಮಾನು ತಾ ಎಂದು ಅವ್ವ ನನ್ನನ್ನು ಅಟ್ಟಿದ್ದಳು. ಅಂಗಡಿಯವರು ಹಿಪ್ಪಲಿ, ಒಣಶುಂಠಿ, ಓಮ, ಮೆಣಸು ಎಲ್ಲವನ್ನೂ ತೂಗಿ ಕಾಗದದ ಮೇಲೆ ಸುರಿಯುತ್ತಿದ್ದಂತೆ ಘಾಟು ಮೂಗಿಗೇರಿ ನಾಲ್ಕು ಸಲ ಸೀನಿದೆ. "ಬಾಣಂತನ ನಿಮ್ಗೋ?" ಎಂದರು ಅವರು. ಊರನ್ನೆಲ್ಲ ಅಣಕಿಸಿ ಹೊಟ್ಟೆ ತುಂಬಿಸಿಕೊಳ್ಳುವ ನನ್ನಂಥವನಿಗೆ ಒಂದು ಮರುಮಾತು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ವಾಸನೆ ಆಗಲೇ ನನ್ನನ್ನು ಹತ್ತು ವರ್ಷ ಹಿಂದಕ್ಕೆ, ನಮ್ಮ ಮನೆಯ ಹಿಂಕೋಣೆಗೆ, ಜಲಜತ್ತಿಗೆಯ ಮಂಚದ ಪಕ್ಕಕ್ಕೆ ಎಳೆದುಕೊಂಡು ಹೋಗಿಬಿಟ್ಟಿತ್ತು.

ಜಲಜತ್ತಿಗೆ ಎಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ. ಕಳಸದವರು. ನಾನಾಗ ಮಲ್ಲಂದೂರು ಬಸ್ಸಿನಲ್ಲಿ ದಿನವೂ ಚಿಕ್ಕಮಗಳೂರಿಗೆ ಹೋಗಿ ಡಿಗ್ರಿ ಓದುತ್ತಿದ್ದೆ. ಹೋಗುತ್ತಿದ್ದೆ ಎಂಬುದಕ್ಕೆ ಬಸ್ಸಿನ ಪಾಸು ಸಾಕ್ಷಿ. ಓದುತ್ತಿದ್ದೆ ಎಂಬುದಕ್ಕೆ ಸಾಕ್ಷಿ ಇಲ್ಲ. ಕಂಡಕ್ಟರು, ಪ್ರಿನ್ಸಿಪಾಲರು, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ನಮ್ಮ ಮೇಸ್ತ್ರಿ, ಕೊನೆಗೆ ಏರಿನಲ್ಲಿ ಕೆಮ್ಮುವ ನಮ್ಮ ಜೀಪು, ಯಾರ ದನಿಯನ್ನೂ ನಾನು ಬಿಟ್ಟವನಲ್ಲ. ಒಮ್ಮೆ ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಲು ಹೋದೆ. ಅಣಕಿಸುವಂಥ ಸ್ವಂತದ್ದೇನೂ ಸಿಗದೆ ತಲೆ ಬಾಚಿಕೊಂಡು ಬಂದೆ. ಇಂಥ ಆಟಕ್ಕೆ ಅತ್ತಿಗೆಯೇ ಮೊದಲ ಪ್ರೇಕ್ಷಕರು. ಅವರು ನಗುವುದನ್ನು ನೀವು ನೋಡಬೇಕಿತ್ತು. ಮೊದಲು ಸದ್ದೇ ಬರುತ್ತಿರಲಿಲ್ಲ. ಹೆಗಲು ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. ಎಲ್ಲೋ ಗುಡ್ಡದಾಚೆಯಿಂದ ಹೊರಟಂತೆ ಸದ್ದು ನಿಧಾನಕ್ಕೆ ಬಂದು ತಲುಪುತ್ತಿತ್ತು.

ಅತ್ತಿಗೆಗೆ ಮೊದಲ ಬಸಿರು ಎರಡು ತಿಂಗಳಿಗೆ ಹೋಯಿತು. ಎರಡನೆಯದು ಮೂರಕ್ಕೆ. ನಮ್ಮ ಮನೆಯ ಪದ್ಧತಿ ಏನೆಂದರೆ, ಹೋದದ್ದಕ್ಕೂ ಬಾಣಂತನ ಮಾಡುತ್ತಾರೆ. "ಕೂಸಿಲ್ದಿದ್ರೇನು, ಮೈ ಹಸಿಯೇ ಅಲ್ವಾ" ಎಂದು ಅವ್ವ ಸುಡುನೀರು ಹುಯ್ದು, ತುಪ್ಪದಲ್ಲಿ ಖಾರ ಕಲಸಿ ತಿನ್ನಿಸಿ, ತಲೆಗೆ ವಸ್ತ್ರ ಕಟ್ಟಿ, ಎರಡೂ ಕಿವಿಗೆ ಹತ್ತಿ ತುರುಕಿ ಮಲಗಿಸುತ್ತಿದ್ದಳು. ಎಲ್ಲ ಇತ್ತು, ತೊಟ್ಟಿಲೊಂದು ಇರಲಿಲ್ಲ. ಆ ಕೋಣೆಯ ಬಾಗಿಲಲ್ಲಿ ನಿಂತು ನಾನು ಅತ್ತಿಗೆಯನ್ನು ನಗಿಸಬೇಕು. ಕಿವಿಯಲ್ಲಿ ಹತ್ತಿ, ನನ್ನ ಬಂಡವಾಳವೆಲ್ಲ ದನಿಯಲ್ಲಿ! ಬರೀ ಮುಖದಲ್ಲೇ ಮೇಸ್ತ್ರಿಯಾಗಿ, ರೈಟರಾಗಿ, ಖಾರ ಹಿಡಿದು ಅಟ್ಟಿಸಿಕೊಂಡು ಬರುವ ಅವ್ವನಾಗಿ ಕುಣಿಯುತ್ತಿದ್ದೆ. ಹೆಗಲು ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಎರಡನೆಯ ಸಲ ಮಾತ್ರ ಆ ನೀರಿನ ಹಿಂದೆ ನಗು ಬರಲೇ ಇಲ್ಲ. ನಾನು ದಡ್ಡ, ಇನ್ನೂ ಸ್ವಲ್ಪ ಹೊತ್ತು ಕುಣಿದೆ.

ಅಪ್ಪ ಕಾಫಿ ಸಸಿಯ ನರ್ಸರಿ ಮಾಡುತ್ತಿದ್ದ. ಒಂದು ಮಡಿಯ ಸಸಿ ಏಳದಿದ್ದರೆ ಅವನ ಮೊದಲ ಅನುಮಾನ ಮಣ್ಣಿನ ಮೇಲೆ. ಕಾಡುಮಣ್ಣು ಬದಲಾಯಿಸುತ್ತಿದ್ದ, ಮತ್ತೊಮ್ಮೆ ಜರಡಿ ಹಿಡಿಯುತ್ತಿದ್ದ, ಹಳೆಯ ಗೊಬ್ಬರ ಬೆರೆಸುತ್ತಿದ್ದ, ಡಬ್ಬಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸುತ್ತಿದ್ದ. ಬೀಜದ ಮಾತೆತ್ತಿದರೆ ಸಿಟ್ಟು. "ನಮ್ ತೋಟದ್ ಬೀಜ ಕಣೋ, ಕೈಯಾರೆ ಆರ್ಸಿದ್ದು." ಮನೆಯೊಳಗೂ ಅದೇ ಲೆಕ್ಕಾಚಾರ ನಡೆಯುತ್ತಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಅತ್ತಿಗೆಗೆ ಪಪ್ಪಾಯಿ ನಿಂತಿತು, ಜೀಪು ನಿಂತಿತು. ಅಟ್ಟದ ಏಣಿ ಹತ್ತಿದ್ದಕ್ಕೇ ಎರಡನೆಯದು ಹೋಯಿತೆಂದು ಅವ್ವ ಏಣಿಯನ್ನೇ ಕೊಟ್ಟಿಗೆಗೆ ಸಾಗಿಸಿದಳು. ಅತ್ತಿಗೆಯ ರಕ್ತ ಎಷ್ಟು ಸಲ ಪರೀಕ್ಷೆಗೆ ಹೋಯಿತೋ! ಅಣ್ಣನಿಗೆ ತೋಳು ಮಡಿಸು ಎಂದವರಿಲ್ಲ. ಅವನು ಸಿಲ್ವರ್ ಮರ ಹತ್ತಿ ಅದಕ್ಕೆ ಹಬ್ಬಿದ ಮೆಣಸು ಕೊಯ್ಯುತ್ತಿದ್ದ. "ಅವ್ನಿಗೇನಾಗಿದೆ, ಗೂಳಿ ಹಂಗಿದಾನೆ" ಎನ್ನುತ್ತಿದ್ದಳು ಅವ್ವ.

ಮೂರನೆಯದು ಐದನೇ ತಿಂಗಳಿಗೆ ಬಂತು. ನಾವೆಲ್ಲ ಉಸಿರು ಬಿಗಿಹಿಡಿದು ಓಡಾಡುತ್ತಿದ್ದೆವು. ನಾನು ಅಣಕವನ್ನೂ ಬಿಟ್ಟಿದ್ದೆ ಎಂದರೆ ಅರ್ಥ ಮಾಡಿಕೊಳ್ಳಿ. ಸ್ಕ್ಯಾನಿನಲ್ಲಿ ಡಾಕ್ಟರು, ತಿಂಗಳಿಗೆ ತಕ್ಕ ಬೆಳವಣಿಗೆ ಇಲ್ಲ, ಕೂಸು ತೀರಾ ಸಣ್ಣದು ಎಂದರು. ಅವ್ವ ತುಪ್ಪ ಹೆಚ್ಚಿಸಿದಳು, ಮೊಟ್ಟೆ ಹೆಚ್ಚಿಸಿದಳು. ಅತ್ತಿಗೆ ಎರಡು ಜೀವದ ಊಟವನ್ನು ಒಂದು ಗಂಟಲಲ್ಲಿ ನುಂಗಿದರು. ಮುಂದಿನ ಸ್ಕ್ಯಾನಿನ ಹೊತ್ತಿಗೆ ಎದೆಬಡಿತ ನಿಂತಿತ್ತು.

ಆಮೇಲೆಯೇ ಮಂಗಳೂರಿನ ದೊಡ್ಡ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತೆಗೆಸಿದ್ದು. ರಿಪೋರ್ಟು ಬಂದ ದಿನ ನಾನೂ ಹೋಗಿದ್ದೆ, ನನಗೆ ಇಂಗ್ಲಿಷ್ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ಮನೆಯಲ್ಲಿದ್ದುದರಿಂದ. ಡಾಕ್ಟರಮ್ಮ ಎರಡು ಪೆನ್ಸಿಲ್ ಇಟ್ಟುಕೊಂಡು ಬಿಡಿಸಿ ಹೇಳಿದರು. ನಮ್ಮ ಒಂದೊಂದು ಜೀವಕೋಶದಲ್ಲೂ ಇಪ್ಪತ್ತಮೂರು ಜೊತೆ ಕ್ರೋಮೋಸೋಮು. ಮೈ ಕಟ್ಟುವ ಸೂಚನೆಯೆಲ್ಲ ಅದರಲ್ಲಿ. ಅಣ್ಣನಲ್ಲಿ ಎರಡರ ತುದಿ ಮುರಿದು, ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಅಂಟಿಕೊಂಡಿವೆ. ಏನೂ ಕಳೆದಿಲ್ಲವಾದ್ದರಿಂದ ಅವನು ಗಟ್ಟಿಯಾಗೇ ಇದ್ದಾನೆ. ಆದರೆ ಕೂಸಿಗೆ ಅರ್ಧ ಪಾಲು ಹೋಗುವಾಗ ಒಂದು ತುಂಡು ಹೆಚ್ಚು, ಇನ್ನೊಂದು ಕಡಿಮೆ ಆಗಿಬಿಡಬಹುದು. ಅಂಥದ್ದು ಬೆಳೆಯುವುದಿಲ್ಲ, ಉಳಿಯುವುದಿಲ್ಲ. ಸರಿಯಾದ ಪಾಲು ಹೋಗುವುದೂ ಉಂಟು. ಮುಂದಿನ ಸಲ ಬೇಗನೆ ಪರೀಕ್ಷೆ ಮಾಡಿ ನೋಡಬಹುದು. "ವಂಶದಲ್ಲಿ ಬಂದಿರ್ಬಹುದು. ತಮ್ಮನೂ ಯಾವಾಗಾದ್ರೂ ನೋಡಿಸಿಕೊಳ್ಳಿ" ಎಂದು ನನ್ನ ಕಡೆ ತಿರುಗಿದರು.

ಅತ್ತಿಗೆ ಒಂದೇ ಪ್ರಶ್ನೆ ಕೇಳಿದರು. "ಹಂಗಾರೆ ನಾ ಏಣಿ ಹತ್ತಿದ್ದಕ್ಕಲ್ವಾ ಡಾಕ್ಟ್ರೇ?"

"ಅಲ್ಲಮ್ಮ. ಯಾರು ಏನು ಮಾಡಿದ್ದಕ್ಕೂ ಅಲ್ಲ."

ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಚಾ ಕುಡಿಯಲು ನಿಂತೆವು. ಅಣ್ಣ, "ಅಪ್ಪ ಇಷ್ಟು ವರ್ಷ ಮಣ್ಣು ಮಣ್ಣು ಅಂತಿದ್ರು" ಎಂದು ಅರ್ಧ ಲೋಟ ಹಾಗೇ ಕೆಳಗಿಟ್ಟ. ಅತ್ತಿಗೆ ನನ್ನ ಕಡೆ ತಿರುಗಿ, "ನೋಡು ಮಾರಾಯ, ಮನೇಲಿ ಇವ್ರ ಹೆಸ್ರು ಎತ್ಬೇಡ. ನಂಗೆ ಅನ್ನೋದು ಅತ್ತೆಗೆ ಅಭ್ಯಾಸ ಆಗಿದೆ. ಮಗಂಗೆ ಅನ್ನೋಕೆ ಬರಲ್ಲ, ಒಳಗೊಳಗೇ ಬೆಂದು ಹೋಗ್ತಾರೆ" ಎಂದರು. ಅಣ್ಣ ರಸ್ತೆ ನೋಡುತ್ತಿದ್ದ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕಾದಿದ್ದಳು. "ಏನಂದ್ರೋ ಡಾಕ್ಟ್ರು?" ನಾನು ಏನು ಮಾಡಿದೆ ಹೇಳಿ? ಅವ್ವನ ಕನ್ನಡಕ ಕಿತ್ತು ಮೂಗಿನ ತುದಿಗಿಟ್ಟು, ಎರಡು ಪೆನ್ಸಿಲ್ ಹಿಡಿದು, ಡಾಕ್ಟರಮ್ಮನಾಗಿಬಿಟ್ಟೆ. "ಎಂತ ಹೇಳುದು ಮಾರಾಯ್ರೆ, ಕಾಯಬೇಕು, ಅಷ್ಟೆ." ಅಪ್ಪ ತೊಡೆ ಬಡಿದುಕೊಂಡು ನಕ್ಕ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಬದುಕಿನಲ್ಲೇ ಅಷ್ಟು ಒಳ್ಳೆಯ ಅಣಕ ಇನ್ನೊಂದಿಲ್ಲ: ರಿಪೋರ್ಟಿನಲ್ಲಿ ಏನಿತ್ತು ಎಂದು ಆ ದಿನ ಮಾತ್ರವಲ್ಲ, ಮುಂದೆಂದೂ ಯಾರೂ ಕೇಳಲಿಲ್ಲ. ಅಡುಗೆಮನೆಯಲ್ಲಿ ನಿಂತಿದ್ದ ಅತ್ತಿಗೆಯ ಹೆಗಲು ಅಲುಗಲಿಲ್ಲ.

ತಿಂಗಳೊಳಗೆ ನಮ್ಮ ಸೋದರಮಾವ ಬಂದು ಕೂತ. "ಜಲಜ ಸ್ವಲ್ಪ ದಿನ ತವರಲ್ಲಿದ್ದು ಸುಧಾರಿಸ್ಕೊಳ್ಲಿ." ಸ್ವಲ್ಪ ದಿನ ಎಂದರೇನು ಎಂದು ಎಲ್ಲರಿಗೂ ಗೊತ್ತಿತ್ತು, ವಸ್ತಾರೆಯ ಕಡೆ ಅಣ್ಣನಿಗೆ ಇನ್ನೊಂದು ಹೆಣ್ಣಿನ ಮಾತು ಆಗಲೇ ನಡೆದಿತ್ತು. ಅತ್ತಿಗೆಯ ಟ್ರಂಕು ಜೀಪಿಗೇರಿತು. ಅಂಗಳದಲ್ಲಿ ನಿಜ ಗೊತ್ತಿದ್ದ ಗಂಡಸರು ಇಬ್ಬರಿದ್ದೆವು. ಅಣ್ಣನಿಗೆ ನಾಚಿಕೆ ಗಂಟಲು ಹಿಡಿದಿತ್ತು ಎನ್ನೋಣ. ನನಗೇನು ಧಾಡಿ? ಹತ್ತೂರಿನ ಗಂಟಲು ನನ್ನೊಳಗಿತ್ತು. ಒಂದೂ ಬಾಯಿ ಬಿಡಲಿಲ್ಲ. ಅವರೇ ಬೇಡ ಎಂದಿದ್ದರಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡೆ. ಆದರೆ ಜೀಪು ತಿರುಗುವಾಗ ಅವರು ನನ್ನನ್ನು ನೋಡಿದ್ದರು. ಅದು ಬೇಡ ಎನ್ನುವ ನೋಟವಾಗಿರಲಿಲ್ಲ.

ಮೂರು ತಿಂಗಳ ಮೇಲೆ ಅಣ್ಣ ಒಂದು ಬೆಳಿಗ್ಗೆ ಕಳಸಕ್ಕೆ ಹೋದವನು ತಿರುಗಿ ಬರಲಿಲ್ಲ. ಹೆಣ್ಣು ಕೊಟ್ಟ ಮಾವನ ತೋಟ ನೋಡಿಕೊಂಡು ಅಲ್ಲೇ ನಿಂತ. "ಅವ್ಳು ಏನೋ ತಿನ್ಸಿದಾಳೆ" ಎಂದು ಅವ್ವ ಊರಿಗೆಲ್ಲ ಹೇಳಿದಳು. ಅಲ್ಲಿ ಇನ್ನೊಂದು ಸಲ ಆಸೆ ಹುಟ್ಟಿ, ಅದೂ ಉಳಿಯದೆ, ಅವರು ಸಾಕೆಂದುಕೊಂಡರು. ನಾನು ಹೋದರೆ ಅತ್ತಿಗೆ ಕಡುಬು ಬಡಿಸುತ್ತಾರೆ, ಬೆಳೆಯ ಸುದ್ದಿ ಕೇಳುತ್ತಾರೆ. ಯಾರದ್ದಾದರೂ ದನಿ ಮಾಡು ಎನ್ನುವುದಿಲ್ಲ. ನಾನೂ ಮಾಡುವುದಿಲ್ಲ. ಎಷ್ಟೋ ಜನರನ್ನು ನಗಿಸಿದ್ದೇನೆ ಈಚೆಗೆ. ಆ ತಡವಾಗಿ ಬರುವ ಸದ್ದಿಗಾಗಿ ಈಗಲೂ ಒಂದು ಕ್ಷಣ ಹೆಚ್ಚು ಕಾಯುತ್ತೇನೆ.

ಖಾರದ ಪೊಟ್ಟಣ ಹಿಡಿದು ಮನೆಗೆ ಬಂದೆ. ಅವ್ವ ಜಗಲಿಯಲ್ಲಿ ಮೊರ ಇಟ್ಟುಕೊಂಡು ಹಿಪ್ಪಲಿ ಆರಿಸಲು ಕೂತಳು. ಮೂಡಿಗೆರೆಯ ಹೆಣ್ಣೊಂದನ್ನು ನನಗೆ ನೋಡಿದ್ದಾರೆ. ಅದಕ್ಕೇ ಕಳೆದ ತಿಂಗಳು ನಾನೂ ರಕ್ತ ಕೊಟ್ಟು ಬಂದಿದ್ದೆ. ಫಲಿತಾಂಶ ಅಣ್ಣನದ್ದೇ ಪಡಿಯಚ್ಚು. ಇಷ್ಟು ಪಕ್ಕಾ ಅಣಕ ನನ್ನ ಕೈಯಲ್ಲಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಹುಡುಗಿಗೆ ಹೇಳಬೇಕು. ಅದಕ್ಕೂ ಮೊದಲು ಅವ್ವನಿಗೆ ಹೇಳಿದೆ. ಪೆನ್ಸಿಲ್ ಇಲ್ಲದೆ, ಯಾರ ದನಿಯೂ ಇಲ್ಲದೆ.

ಅವ್ವನ ಕೈ ಮೊರದಲ್ಲೇ ನಿಂತಿತು. "ಅಣ್ಣಂಗೂ ಇದೇನಾ?"

"ಇದೇ."

"ಜಲಜಂಗೆ?"

"ಅತ್ತಿಗೆಗೆ ಏನೂ ಇರ್ಲಿಲ್ಲ ಅವ್ವ."

"ಅವ್ಳಿಗೆ ಗೊತ್ತಿತ್ತಾ?"

"ಆವತ್ತೇ ಗೊತ್ತಿತ್ತು. ನೀ ಬೇಜಾರ್ ಮಾಡ್ಕೋತಿ ಅಂತ ಹೇಳ್ಬೇಡ ಅಂದಿದ್ರು."

ಅವ್ವ ಒಂದು ಹಿಪ್ಪಲಿ ಎತ್ತಿ ಮತ್ತೆ ಮೊರಕ್ಕೇ ಹಾಕಿದಳು. "ನಂಗೂ ಎರಡು ಹೋಗಿದ್ವು, ನಿಮ್ಮಣ್ಣನ ಮುಂಚೆ. ನಿಮ್ಮಜ್ಜಿ ನಂಗೇ ಅಂದಿದ್ರು." ಮೊರ ಪಕ್ಕಕ್ಕೆ ಸರಿಸಿ, "ಕಳಸಕ್ಕೆ ಫೋನ್ ಹಚ್ಚು" ಎಂದಳು.

ಹಚ್ಚಿ, ಅತ್ತಿಗೆ ಎತ್ತಿದ್ದು ಗೊತ್ತಾಗುತ್ತಲೇ ಅವ್ವನ ಕೈಗೆ ಕೊಟ್ಟೆ.

"ಜಲಜಾ, ಊಟ ಆಯ್ತೇನೆ?" ಎಂದಳು ಅವ್ವ.

ಆ ಕಡೆಯ ಮಾತು ನನಗೂ ಕೇಳಿಸಿತು. "ಏನು ಮಾರಾಯ, ಇಷ್ಟು ವರ್ಷದ ಮೇಲೆ ಮತ್ತೆ ಅಣಕ ಶುರು ಮಾಡಿದ್ಯಲ್ಲ! ಆದ್ರೆ ಸರಿ ಬರ್ಲಿಲ್ಲ ನೋಡು. ಅತ್ತೆ ನನ್ಹತ್ರ ಇಷ್ಟು ಮೆತ್ತಗೆ ಮಾತಾಡಲ್ಲ."

ಅವ್ವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವ್ನಲ್ಲ ಕಣೇ," ಎಂದಳು. "ನಾನು."