ಕಂಬವಿಲ್ಲದ ಹಿಮದ ಛಾವಣಿ

ನನ್ನ ಹೆಂಡತಿಗೆ ಹಳೆಯ ಪೋರ್ಚುಗೀಸ್ ಮಠಗಳ ಹುಚ್ಚು ಹಿಡಿದದ್ದು ಗೋವಾದಲ್ಲಿ. ಕಾರವಾರದ ಹೈಸ್ಕೂಲಿನಿಂದ ಟೂರ್ ಹೋದಾಗ ಹಳೆ ಗೋವಾದ ಗುಡ್ಡದ ಮೇಲೆ ಅರ್ಧ ಮುರಿದ ಗೋಪುರವೊಂದನ್ನು ನೋಡಿದ್ದಳಂತೆ. ಸರ್ಕಾರ ಸನ್ಯಾಸಿಗಳನ್ನು ಹೊರಹಾಕಿದ ಮೇಲೆ ಮಠ ಪಾಳುಬಿದ್ದು, ಕಮಾನಿನ ಛಾವಣಿ ಕುಸಿದು, ಅಷ್ಟು ಮಾತ್ರ ಉಳಿದಿತ್ತು. ಉಳಿದ ಹುಡುಗಿಯರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಇವಳು ಟೀಚರನ್ನು ಕೇಳಿದಳಂತೆ: "ಬಿದ್ದದ್ದು ಇರಲಿ ಟೀಚರ್, ಅಷ್ಟು ವರ್ಷ ಬೀಳದೆ ನಿಂತಿದ್ದು ಹೇಗೆ?"

ಆ ಪ್ರಶ್ನೆ ಅವಳನ್ನು ಸ್ವೀಡನ್ನಿನ ಉಮೆಯೊದ ವಿಶ್ವವಿದ್ಯಾಲಯದವರೆಗೆ ಕರೆತಂದಿತು. ಅವಳ ಹಿಂದೆ ನಾನು ಬಂದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬೆಂಗಳೂರಿನಲ್ಲಿ ಅವಳ ಹಾಸ್ಟೆಲಿನ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದೆ. ಉಮೆಯೊದಲ್ಲಿ ಸ್ವೀಡಿಷ್ ಕಲಿತು ಶಾಲೆಯೊಂದರ ಅಡುಗೆಮನೆ ಸೇರಿದೆ. ಮುಂದೆ ನಮ್ಮ ಮಗಳೂ ಅದೇ ಶಾಲೆಗೆ ಬಂದಳು. ಮಠಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹೆಂಡತಿ ಒಲೆಯ ಪಕ್ಕ ನಿಂತು ಹೇಳಿದ್ದು, ಮತ್ತೆ ಒಂದು ಬೇಸಿಗೆ ನಾವು ಮೂವರೂ ಪೋರ್ಚುಗಲ್‌ಗೆ ಹೋದಾಗ ತೋರಿಸಿದ್ದು.

ಅಲ್ಕೊಬಾಸಾದ ಮಠದಲ್ಲಿ ಅವಳು ಮೊದಲು ನನ್ನನ್ನು ಕರೆದುಕೊಂಡು ಹೋಗಿದ್ದು ಅಡುಗೆಮನೆಗೆ. ಇಡೀ ಎತ್ತನ್ನು ಸುಡಬಹುದಾದಷ್ಟು ದೊಡ್ಡ ಒಲೆ, ತಲೆ ಎತ್ತಿದರೆ ಕತ್ತು ನೋಯುವಷ್ಟು ಎತ್ತರದ ಹೊಗೆಗೂಡು. ಹೊಳೆಯ ನೀರನ್ನೇ ಕಾಲುವೆ ಮಾಡಿ ಒಳಗೆ ಹರಿಸಿದ್ದರು. ಊಟದ ಕೋಣೆಯ ಹತ್ತಿರ ಒಂದು ಕಿರಿದಾದ ಬಾಗಿಲಿದೆ. ಅದರಲ್ಲಿ ತೂರಲಾಗದಷ್ಟು ದಪ್ಪಗಾದ ಸನ್ಯಾಸಿಗೆ ಅಂದು ಉಪವಾಸವಂತೆ.

"ನೀನು ಹೋಗು ನೋಡೋಣ" ಅಂದಳು.

"ನಾನು ಅಡುಗೆಯವನು. ಒಳಗೇ ಇರ್ತೀನಿ" ಅಂದೆ.

ಬತಾಲ್ಯದ ಮಠ ಬೇರೆಯೇ ತರಹದ್ದು. ಯುದ್ಧ ಗೆದ್ದ ರಾಜ ಹರಕೆ ತೀರಿಸಲು ಕಟ್ಟಿಸಿದ್ದು. ಅಲ್ಲಿ ಸನ್ಯಾಸಿಗಳು ಸಭೆ ಸೇರುತ್ತಿದ್ದ ಚೌಕ ಕೋಣೆಯೊಂದಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದ ಕಣ್ಣು ಅಲ್ಲಿ ಕಂಬ ಹುಡುಕುತ್ತದೆ. ನಡುವೆ ಒಂದೂ ಇಲ್ಲ. ಗೋಡೆಗಳಿಂದ ಎದ್ದ ಕಲ್ಲಿನ ಪಟ್ಟಿಗಳು ಮೇಲೆ ನಕ್ಷತ್ರದಂತೆ ಕೂಡಿಕೊಂಡಿವೆ.

"ನಮ್ಮವರು ಕಲ್ಲನ್ನು ಕಂಬಕ್ಕೆ ಹೊರಿಸಿದರು. ಇವರು ಕಲ್ಲನ್ನು ಕಲ್ಲಿಗೇ ಒರಗಿಸಿದರು" ಅಂದಳು ಅವಳು. ಆಮೇಲೆ ಅಲ್ಲಿನವರು ಹೇಳುವ ಕಥೆ ಹೇಳಿದಳು. ಆ ಛಾವಣಿ ಎರಡು ಸಲ ಕುಸಿಯಿತಂತೆ. ಮೂರನೇ ಸಲ ಯಾರೂ ಬರದೆ ಮರಣದಂಡನೆಯ ಕೈದಿಗಳಿಂದ ಕೆಲಸ ಮಾಡಿಸಿದರಂತೆ. ಕೆಳಗೆ ಆಸರೆಗಿಟ್ಟ ಮರದ ಸೆಂಟ್ರಿಂಗ್ ಬಿಚ್ಚಿದಾಗ, ಲೆಕ್ಕ ಹಾಕಿ ಕಟ್ಟಿಸಿದ ಮುದುಕ ಶಿಲ್ಪಿ ತಾನೇ ಒಳಗೆ ಹೋಗಿ ಛಾವಣಿಯಡಿ ಕೂತನಂತೆ.

"ನಿಜವಾ ಅಮ್ಮ?" ಮಗಳು ಕೇಳಿದಳು.

"ಮುದುಕ ಕಥೆ ಇರಬಹುದು. ಛಾವಣಿ ಕಥೆಯಲ್ಲ ಪುಟ್ಟಿ, ನಿಂತಿದೆ ನೋಡು."

ಉಮೆಯೊಗೆ ಮರಳಿದ ಮೇಲೆ ಅವಳು ಮಗಳ ತರಗತಿಗೆ ಹೋಗಿ ಮಾತು ಕೊಟ್ಟು ಬಂದಳು: ಈ ಚಳಿಗಾಲ ಶಾಲೆಯ ಅಂಗಳದಲ್ಲಿ ಆ ಛಾವಣಿಯನ್ನು ಹಿಮದಲ್ಲಿ ಕಟ್ಟೋಣ, ದೊಡ್ಡವರ ಎದೆಯೆತ್ತರಕ್ಕೆ, ಕಂಬವಿಲ್ಲದೆ. ಸೆಂಟ್ರಿಂಗ್‌ಗೆಂದು ಪ್ಲೈವುಡ್‌ನಲ್ಲಿ ಎಂಟು ಬಾಗಿದ ಹಲಗೆಗಳನ್ನು ತಾನೇ ಕೊಯ್ದಳು. ನಡುವಿನ ಬೋಲ್ಟ್ ಬಿಚ್ಚಿದರೆ ಹಲಗೆಗಳು ಒಂದೊಂದಾಗಿ ಒಳಕ್ಕೆ ಬಾಗಿ ಕಳಚಿಕೊಳ್ಳುವಂತೆ ಲೆಕ್ಕ ಹಾಕಿದ್ದಳು. ಶರತ್ಕಾಲದಲ್ಲಿ ಕಾಯಿಲೆ ಗೊತ್ತಾಯಿತು. ಹಿಮ ಬೀಳುವ ಮೊದಲೇ ಅವಳು ಹೋದಳು.

ಮಗಳ ಟೀಚರ್ ಮೆಲ್ಲಗೆ ಹೇಳಿದರು, ಆ ಕಾರ್ಯಕ್ರಮ ಬಿಟ್ಟುಬಿಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ ಎಂದು. ಅಷ್ಟು ಹೊತ್ತಿಗೆ ಮಗಳು ಎಲ್ಲರಿಗೂ ಹೇಳಿಯಾಗಿತ್ತು: ಅಮ್ಮನ ಛಾವಣಿ ಕಟ್ಟೇ ಕಟ್ಟುತ್ತೇವೆ. ಅವಳ ಪಕ್ಕ ಕೂರುವ ಹುಡುಗಿ, "ಕಂಬ ಇಲ್ಲದೆ ನಿಲ್ಲಲ್ಲ. ನಿಮ್ಮಮ್ಮನೂ ಇಲ್ಲ" ಅಂದಿದ್ದಳಂತೆ. ಮಗಳು ಅತ್ತಿರಲಿಲ್ಲ. ಮನೆಗೆ ಬಂದು ಹಲಗೆಗಳನ್ನು ಬಾಗಿಲ ಬಳಿ ಎಳೆದು ತಂದಿಟ್ಟಳು. ಛಾವಣಿ ಬಿದ್ದರೆ ಅವಳ ಪಾಲಿಗೆ ಅಮ್ಮ ಹೇಳಿದ್ದೇ ಸುಳ್ಳಾಗುತ್ತದೆ ಎಂದು ನನಗೆ ಅರ್ಥವಾಯಿತು.

ಒಂದು ಶನಿವಾರ ಬೆಳಿಗ್ಗೆ ಕೆಲಸ ಹಿಡಿದೆವು. ಸಹಾಯಕ್ಕೆ ಬಂದವನು ಅದೇ ವಿಶ್ವವಿದ್ಯಾಲಯದಲ್ಲಿದ್ದ ಹುಬ್ಬಳ್ಳಿಯ ಸಂಶೋಧಕ. ನನ್ನ ಹೆಂಡತಿಯನ್ನು ಅಕ್ಕ ಅನ್ನುತ್ತಿದ್ದ, ಹಾಗಾಗಿ ನಾನು ಭಾವ. ಕನ್ನಡದವರು ಸೇರಿದಾಗ ಬೆಂಗಳೂರಿನ ಮಾತಾಡುತ್ತಿದ್ದವನಿಗೆ ಸಲಿಕೆ ಹಿಡಿದದ್ದೇ ಹುಬ್ಬಳ್ಳಿ ಬಂತು. ತೆವಳಿ ಹೋಗುವಷ್ಟು ಬಾಗಿಲು ಬಿಟ್ಟು ಹಿಮದ ಗೋಡೆ ಎಬ್ಬಿಸಿ, ಹಲಗೆ ನಿಲ್ಲಿಸಿ, ಮೇಲೆ ಅಡುಗೆಮನೆಯ ರಟ್ಟಿನ ಡಬ್ಬಗಳನ್ನು ಬಿಚ್ಚಿ ಹಾಸಿ, ಹಿಮ ಹೇರಿದೆವು.

"ಮೋಲ್ಡಿಂಗ್ ಆತು ಭಾವ. ಇನ್ನ ಕ್ಯೂರಿಂಗ್ ಮಾಡಬೇಕಲ್ರೀ?"

"ಮತ್ತೆ! ನೀರು ಬಿಡದೆ ಯಾವ ತಾರಸಿ ನಿಂತಿದೆ?" ಅಂದೆ.

ಹೊಸ ತಾರಸಿಯ ಮೇಲೆ ಬದು ಕಟ್ಟಿ ವಾರಗಟ್ಟಲೆ ನೀರು ನಿಲ್ಲಿಸುವುದನ್ನು ನೋಡಿಕೊಂಡೇ ಬೆಳೆದವರು ನಾವು. ಅಡುಗೆಮನೆಯಿಂದ ಬಕೆಟ್ಟುಗಳಲ್ಲಿ ತಂದು ಧಾರಾಳವಾಗಿ ಸುರಿದೆವು. ಮಧ್ಯಾಹ್ನ ಬೋಲ್ಟ್ ಬಿಚ್ಚಿ ಹೊರಗೆ ನಿಂತು ಮೊದಲ ಹಲಗೆಯನ್ನು ಹಗ್ಗದಿಂದ ಎಳೆದರೆ, ರಟ್ಟು, ಹಲಗೆ, ಹಿಮ ಎಲ್ಲ ಮಂಜುಗಡ್ಡೆಯಾಗಿ ಅಂಟಿಕೊಂಡು ಒಟ್ಟಿಗೇ ಬಂದವು. ಇಡೀ ಛಾವಣಿ ಧೊಪ್ಪೆಂದು ಕೆಳಗೆ ಕೂತಿತು.

ಮಗಳು ಸ್ವೀಡಿಷಿನಲ್ಲಿ ಕೇಳಿದಳು: "ಅಮ್ಮನ ಲೆಕ್ಕ ತಪ್ಪಾ?"

ಅಷ್ಟರಲ್ಲಿ ಶಾಲೆಯ ಕಟ್ಟಡ ನೋಡಿಕೊಳ್ಳುವ ಹೆಂಗಸು ಸಲಿಕೆ ಹಿಡಿದು ಬಂದರು. ಉತ್ತರದ ಹಳ್ಳಿಯವರು, ಮಾತು ಕಡಿಮೆ. ಒಂದು ಚೂರು ಎತ್ತಿ ನೋಡಿದರು.

"ನೀರು ಹಾಕಿದ್ದು ಯಾರು?"

ನಾನು ಹುಬ್ಬಳ್ಳಿಯವನನ್ನು ತೋರಿಸಿದೆ, ಅವನು ನನ್ನನ್ನು.

"ನೀವು ಮಾಡಿದ್ದು ಛಾವಣಿಯಲ್ಲ, ಐಸ್ ಕ್ಯಾಂಡಿ" ಅಂದರು. ಮಗಳತ್ತ ತಿರುಗಿ, "ಲೆಕ್ಕ ಸರಿ ಇದೆ. ಹಿಮಕ್ಕೆ ನೀರು ಬೇಡ. ಒಂದು ರಾತ್ರಿ ಅದನ್ನು ಅದರ ಪಾಡಿಗೆ ಬಿಡಬೇಕು. ತಾನಾಗಿ ಕೂಡಿಕೊಳ್ಳುತ್ತದೆ."

"ದೋಸೆ ಹಿಟ್ಟಿನ ಹಾಗೆ" ಅಂದೆ ನಾನು ಕನ್ನಡದಲ್ಲಿ. ಮಗಳಿಗೆ ನಗು ಬಂತು. ಎಷ್ಟೋ ವಾರಗಳ ಮೇಲೆ ಬಂದ ನಗು.

ಭಾನುವಾರ ಮತ್ತೆ ಕಟ್ಟಿದೆವು. ಹಲಗೆಗಳ ಮೇಲಿನ ಮಂಜುಗಡ್ಡೆ ಕೆರೆದು, ಹೊಸ ರಟ್ಟು ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಣಹಿಮವನ್ನು ಸಲಿಕೆಯಿಂದ ಎಸೆದು ಎಸೆದು ದಪ್ಪಗೆ ಪೇರಿಸಿದೆವು. ಹುಬ್ಬಳ್ಳಿಯವನು ಬಕೆಟ್ಟಿನ ಕಡೆ ಕಣ್ಣು ಹಾಯಿಸಿದಾಗಲೆಲ್ಲ ಮಗಳು, "ಮಾಮ!" ಎಂದು ಗದರಿಸುತ್ತಿದ್ದಳು.

ಸೋಮವಾರ ತರಗತಿಯವರೆಲ್ಲ ಅಂಗಳದಲ್ಲಿ ದೂರದಲ್ಲಿ ಸಾಲಾಗಿ ನಿಂತರು. ಈ ಸಲ ಹಗ್ಗದಿಂದ ಎಳೆಯುವುದು ಬೇಡವೆನಿಸಿತು. ಹೆಂಡತಿ ಮಾಡಿದ್ದ ಹಲಗೆಗಳನ್ನು ಅವಳು ಲೆಕ್ಕ ಹಾಕಿದ್ದ ಹಾಗೆ ಒಳಗಿನಿಂದಲೇ ಬಿಚ್ಚಬೇಕಿತ್ತು. "ಭಾವ, ಒಂದೀಟು ಹುಷಾರ್ರೀ" ಅಂದ ಹುಬ್ಬಳ್ಳಿಯವನು. ನಾನು ತೆವಳಿಕೊಂಡು ಒಳಗೆ ಹೋದೆ.

ಬೋಲ್ಟ್ ಸುಲಭವಾಗಿ ತಿರುಗಿತು. ಮೊದಲ ಹಲಗೆ ಮೆತ್ತಗೆ ಒಳಕ್ಕೆ ಬಾಗಿ ನನ್ನ ಕೈಗೆ ಬಂತು, ಮಗುವನ್ನು ಎತ್ತಿಕೊಂಡಷ್ಟೇ ಹಗುರ. ಒಂದೊಂದನ್ನೂ ಬಾಗಿಲಿನಿಂದ ಹೊರಗೆ ದೂಡಿದೆ. ರಟ್ಟು ಕಳಚಿತು, ಪ್ಲಾಸ್ಟಿಕ್ ಸುಲಿದು ಬಂತು. ಆಮೇಲೆ ತಲೆ ಎತ್ತಿ ನೋಡಿದೆ. ಹಲಗೆಗಳಿದ್ದ ಕಡೆ ಹಿಮದಲ್ಲಿ ಎಂಟು ಗೆರೆಗಳು ಮೂಡಿ ನಡುವೆ ಕೂಡಿದ್ದವು. ಬತಾಲ್ಯದ ನಕ್ಷತ್ರ. ಬೆಳಕು ಹಿಮದ ಮೂಲಕ ತಿಳಿನೀಲಿಯಾಗಿ ಇಳಿಯುತ್ತಿತ್ತು. ನಾನು ಅಲ್ಲೇ ಕಾಲು ಮಡಚಿ ಕೂತೆ. ಅವಳು ಹೋದ ಮೇಲೆ ಮೊದಲ ಬಾರಿಗೆ ನನಗೆ ಜೋರಾಗಿ ಕೂಗಬೇಕೆನಿಸಿತು, ಸಂತೋಷದಿಂದ.

"ನಿಂತಿದೆ!" ಎಂದು ಕೂಗಿದೆ, ಕನ್ನಡದಲ್ಲೇ.

ಉತ್ತರವಾಗಿ ನೆತ್ತಿಯ ಮೇಲೆ ದಡ್ ಎಂದು ಸದ್ದಾಯಿತು. ಹಿಮದ ಪುಡಿ ಕತ್ತಿನೊಳಗೆ ಇಳಿಯಿತು, ಅಷ್ಟೇ. ಹೊರಗೆ ಬಂದು ನೋಡಿದರೆ ಕಟ್ಟಡ ನೋಡಿಕೊಳ್ಳುವ ಆ ಹೆಂಗಸು ಛಾವಣಿಯ ಮೇಲೆ ಹತ್ತಿ ನಿಂತಿದ್ದರು. ಹಿಮದ ಗೂಡನ್ನು ಅವರ ಊರಿನಲ್ಲಿ ಪರೀಕ್ಷಿಸುವುದೇ ಹಾಗಂತೆ.

"ನಾನು ಒಳಗಿದ್ದೆ!" ಅಂದೆ.

ಅವರು ಉಸಿರನ್ನು ಒಳಕ್ಕೆ ಎಳೆದುಕೊಂಡರು. ಆ ಕಡೆಯವರು ಹೌದು ಅನ್ನುವುದು ಹಾಗೆ.

ಅವರು ಕೈ ಚಾಚಿ ಮಗಳನ್ನು ಮೇಲೆ ಎಳೆದುಕೊಂಡರು. ಮಗಳು ನೆತ್ತಿಯ ಮೇಲೆ ನಿಂತು, ಪಕ್ಕ ಕೂರುವ ಹುಡುಗಿಯನ್ನು ಸ್ವೀಡಿಷಿನಲ್ಲಿ ಕರೆದಳು: "ಬಾ, ನೀನೂ ಹತ್ತು. ಏನೂ ಆಗಲ್ಲ." ಹುಡುಗಿ ಒಂದು ಕ್ಷಣ ಅನುಮಾನಿಸಿ, ಹತ್ತಿದಳು. ಕೆಳಗಿದ್ದವರೆಲ್ಲ ಚಪ್ಪಾಳೆ ಹೊಡೆದರು. ಹುಬ್ಬಳ್ಳಿಯವನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ.

"ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ನಿಮ್ಮಪ್ಪ!" ಅಂದರು ಟೀಚರ್.

ಮಗಳು ಸೊಂಟದ ಮೇಲೆ ಕೈಯಿಟ್ಟು, ಇಡೀ ಅಂಗಳಕ್ಕೆ ಕೇಳುವಂತೆ ತಿದ್ದಿದಳು: "ಕಟ್ಟಿದ್ದು ಅಮ್ಮ. ಅಪ್ಪ ಸೆಂಟ್ರಿಂಗ್ ಬಿಚ್ಚಿದ್ದು ಅಷ್ಟೇ."