ಬಾಗಿಲಿಗೆ ಬಳಿದ ಕೆಂಪು

ಕಳೆದ ವಾರ ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಗೇಟಿಗೆ ಪೇಂಟ್ ಹೊಡೆಯಲು ಬಂದವರು ಕೆಂಪು ಬಣ್ಣದ ಡಬ್ಬಿ ತೆರೆದರು. ಆ ಕಟು ವಾಸನೆ ಮೂಗಿಗೆ ಬಡಿದದ್ದೇ ಬಾಯಿಗೆ ಹೋಗುತ್ತಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು. "ಬಾಗ್ಲಿಗೂ ಒಂದ್ ಕೈ ಹೊಡೀಲಾಮ್ಮ?" ಎಂದು ಕೇಳಿದರು. ಬೇಡ ಎಂದ ನನ್ನ ದನಿ ನನಗೇ ಒರಟೆನಿಸಿತು. ನನ್ನ ಪಾಲಿಗೆ ಆ ವಾಸನೆಗೆ ಒಂದೇ ಊರು, ಗುಬ್ಬಿ. ಒಂದೇ ಮನೆ, ಅಜ್ಜಿಯದು.

ಕೊರೊನಾದ ಎರಡನೆಯ ಅಲೆ. ಆ ಬೇಸಗೆ ನಿಮಗೂ ನೆನಪಿದ್ದೀತು. ನಿಮ್ಮ ಮನೆಯಿಂದಲೂ ಯಾರಾದರೂ ಹೋಗಿರಬಹುದು. ಅಮ್ಮ ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಎಲ್ಲಿ ರೋಗ ಮನೆಗೆ ಹೊತ್ತು ತರುತ್ತೇನೋ ಎಂಬ ಭಯಕ್ಕೆ ಹದಿಮೂರರ ನನ್ನನ್ನು ಗುಬ್ಬಿಗೆ ಕಳಿಸಿದ್ದಳು; ಅಪ್ಪ ಅವಳ ಜೊತೆ ತುಮಕೂರಿನಲ್ಲೇ ಉಳಿದಿದ್ದರು. ಆ ಹೆಂಚಿನ ಮನೆಯಲ್ಲಿ ಇದ್ದವರು ಅಜ್ಜಿ ಮತ್ತು ಅವಳ ಹಿರಿಯ ಮಗ, ನನ್ನ ದೊಡ್ಡಪ್ಪ. ದೊಡ್ಡಪ್ಪ ಚರ್ಚಿನ ಸಂಡೇ ಸ್ಕೂಲ್ ಮೇಷ್ಟ್ರು. ಸತ್ಯವೇದದಲ್ಲಿ ಅವರು ಅರ್ಥ ಹೇಳದ ವಸ್ತುವೇ ಇರಲಿಲ್ಲ. ಉಪ್ಪು ಯಾವುದರ ಗುರುತು, ದೀಪದ ಎಣ್ಣೆ ಯಾವುದರ ಗುರುತು, ಹುಳಿಹಿಟ್ಟಿನಲ್ಲಿ ಪಾಪ ಹೇಗೆ ಅಡಗಿದೆ ಎಂದು ಊಟದ ನಡುವೆಯೂ ಬಿಡಿಸಿ ಹೇಳುವರು. ಅಜ್ಜಿ ಹುರುಳಿಕಾಳು ಆರಿಸುತ್ತ ಕೇಳಿಸಿಕೊಳ್ಳುವಳು. ಅವಳ ಓದು ಅಷ್ಟಕ್ಕಷ್ಟೇ. ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸಿ ದಿನಕ್ಕೊಂದು ಪುಟ ಓದುತ್ತಿದ್ದಳು. ಹಾಗಾಗಿ ದೊಡ್ಡಪ್ಪ ಹಾರಿಸಿ ಹೋದ ಸಾಲೂ ಅವಳ ಬೆರಳಿಗೆ ಸಿಗುತ್ತಿತ್ತು.

ಊರು ಉಸಿರು ಬಿಗಿಹಿಡಿದಂತಿತ್ತು. ಬೆಳಗ್ಗೆ ಹತ್ತಕ್ಕೆಲ್ಲ ಅಂಗಡಿಗಳ ಶಟರ್ ಬೀಳುತ್ತಿದ್ದವು. ಆಂಬುಲೆನ್ಸಿನ ಸದ್ದು ಬಂದರೆ ಬೀದಿಯ ಕಿಟಕಿಗಳು ಒಂದೊಂದು ಗೇಣು ತೆರೆದು, ಅದು ಯಾರ ಮನೆ ಮುಂದೆ ನಿಂತಿತೆಂದು ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಒಂದು ಬೆಳಗ್ಗೆ ದೊಡ್ಡಪ್ಪ, ಕಿಟಕಿ ಸರಳಿಗೆ ತಂದು ಉಳಿದಿದ್ದ ಕೆಂಪು ಪೇಂಟನ್ನು ಬಾಗಿಲಿನ ಎರಡೂ ನಿಲುವಿಗೆ, ಮೇಲಿನ ಪಟ್ಟಿಗೆ ಬಳಿಯುತ್ತಿದ್ದರು. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಚೊಚ್ಚಲು ಮಕ್ಕಳು ಸತ್ತ ರಾತ್ರಿ, ಕುರಿಮರಿಯ ರಕ್ತ ಹಚ್ಚಿದ ಮನೆಗಳನ್ನು ಮಾತ್ರ ಸಾವು ದಾಟಿ ಹೋದ ಕಥೆ ನನಗೂ ಗೊತ್ತಿತ್ತು. ಒಂದು ಹನಿ ಹೊಸ್ತಿಲ ತನಕ ಇಳಿದಿತ್ತು. "ಇನ್ನು ಈ ಮನೆಗೆ ಅದು ಬರಲ್ಲ ಕಣವ್ವ," ಎಂದರು ನನಗೆ.

ಅಜ್ಜಿ ಹೊರಗೆ ಬಂದು ನೋಡಿದಳು. "ಸುಂದ್ರ, ಅದು ಗುರ್ತು ಕಣೋ. ಬೀಗ ಅಲ್ಲ," ಎಂದಳು, ಅಷ್ಟೇ.

ಪಕ್ಕದ ಮನೆಯ ಶಮೀಮ್ ಆಪಾಗೆ ಜ್ವರ ಬಂತು. ಟೈಲರ್ ಕೆಲಸದ ಗಂಡ ಆಗಲೇ ತುಮಕೂರಿನ ಆಸ್ಪತ್ರೆ ಸೇರಿದ್ದರು. ಅವರ ಬಾಗಿಲಿಗೆ ಚೀಟಿ ಅಂಟಿಸಿದ ಮೇಲೆ ಜನ ಬೀದಿಯ ಆಚೆ ಬದಿಯಲ್ಲಿ ಓಡಾಡತೊಡಗಿದರು. ಒಳಗಿಂದ ನಾಲ್ಕು ವರ್ಷದ ಸನಾಳ ಅಳು ಕೇಳುತ್ತಿತ್ತು. ಗಂಜಿ ಕೊಟ್ಟು ಮಗುವನ್ನು ಕರೆತರುತ್ತೇನೆಂದು ಅಜ್ಜಿ ಹೊರಟಾಗ ದೊಡ್ಡಪ್ಪ ಅಡ್ಡ ನಿಂತರು. "ಆ ರಾತ್ರಿ ಯಾರೂ ಹೊಸ್ತಿಲು ದಾಟ್‌ಬಾರ್ದು ಅಂತ ಬರ್ದಿದೆ ಅಮ್ಮ!"

ಅಜ್ಜಿ ಪುಸ್ತಕ ತಂದು ಅದೇ ಅಧ್ಯಾಯದ ಮೇಲೆ ಬೆರಳಿಟ್ಟಳು. "ಅದ್ಕಿಂತ ಮುಂಚೆ ಏನೈತೆ ಓದು. ಮನೇಲಿ ಜನ ಕಮ್ಮಿ ಇದ್ರೆ ಪಕ್ಕದ್ಮನೆಯೋರ್ನ ಸೇರಿಸ್ಕೊಂಡು ಒಂದೇ ಕುರಿ ತಿನ್ನಿ ಅಂತೈತೆ. ನಾವ್ ಮೂರೇ ಜನ. ಇನ್ನೂ ಜಾಗ ಐತೆ."

ದೊಡ್ಡಪ್ಪ ಓದಿದರು. ಪಕ್ಕಕ್ಕೆ ಸರಿದರು; ಆದರೆ ಆ ದಿನ ಊಟ ಮಾಡಲಿಲ್ಲ. ಸನಾ ನಮ್ಮ ಹಿಂದಿನ ಕೋಣೆಯಲ್ಲಿ ಉಳಿದಳು. ಆಶಾ ಕಾರ್ಯಕರ್ತೆ ಬಂದು ಅವಳ ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡಿಸಿದಳು, ಏನೂ ಇರಲಿಲ್ಲ.

ಅದೇ ವಾರ ದೊಡ್ಡಪ್ಪ ಬೈಕಿನಲ್ಲಿ ಕುಣಿಗಲ್ಲಿಗೆ ಹೋಗಿಬಂದರು. ಅಲ್ಲೊಬ್ಬರ ಮನೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಪ್ರಾರ್ಥನೆಗೆ ಸೇರಿದ್ದರಂತೆ, ಮಾಸ್ಕ್ ಹಾಕಿಕೊಳ್ಳುವುದು ಅಪನಂಬಿಕೆ ಎಂದುಕೊಂಡು. ನಾಲ್ಕನೆಯ ದಿನ ಹಿತ್ತಲಿನ ಗೋಡೆ ಮರೆಯಲ್ಲಿ ಅವರು ಟವೆಲ್ ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದುದನ್ನು ನಾನು ಕಂಡೆ. "ಅಜ್ಜಿಗೆ ಹೇಳ್ಬೇಡ ಪುಟ್ಟಿ. ಧೂಳು ಅಷ್ಟೆ," ಎಂದರು. ನಾನು ಹೇಳಲಿಲ್ಲ. ಅಮ್ಮ ಫೋನ್ ಮಾಡಿದಾಗಲೂ ಹೇಳಲಿಲ್ಲ. ಅವರು ಎಂದಿನಂತೆ ಅಜ್ಜಿಯ ಪಕ್ಕ ಕೂತು ಓದುತ್ತಿದ್ದರು. ನಾನು ಅವರ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಿರುತ್ತಿದ್ದೆ.

ಅಜ್ಜಿಗೆ ಮೊದಲು ಒಗ್ಗರಣೆಯ ಘಮ ತಿಳಿಯದಾಯಿತು. ಆಮೇಲೆ ಜ್ವರ, ಏದುಸಿರು. ತುಮಕೂರಿನಲ್ಲಿ ಬೆಡ್ ಸಿಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಆಂಬುಲೆನ್ಸಿಗೆ ಹತ್ತಿಸುವಾಗ ಸನಾಳನ್ನು ತೋರಿಸಿ ನನಗೆ, "ಮಗೂಗೆ ಅಂಬ್ಲಿ ಕುಡ್ಸು ಮಗ," ಎಂದದ್ದೇ ನಾನು ಕೇಳಿದ ಅವಳ ಕಡೆಯ ಮಾತು. ಐದನೆಯ ದಿನ ಅಮ್ಮ ಫೋನ್ ಮಾಡಿ, ಅಜ್ಜಿ ಹೋದಳೆಂದು ಹೇಳಿ ಅತ್ತಳು. ಮಣ್ಣು ಮಾಡಲು ಬಂದವರು ಪಾದ್ರಿಯೊಬ್ಬರು, ಪ್ಲಾಸ್ಟಿಕ್ ಅಂಗಿ ತೊಟ್ಟ ಮಸೀದಿ ಕಡೆಯ ನಾಲ್ವರು. ನಾವು ದೂರ ಗೇಟಿನಾಚೆ ನಿಂತಿದ್ದೆವು.

ಬೀದಿ ಆಗಲೇ ತೀರ್ಮಾನ ಮಾಡಿತ್ತು: ಪಕ್ಕದ ಮನೆಯ ಮಗುವಿನಿಂದಲೇ ಬಂದದ್ದು. ದೊಡ್ಡಪ್ಪ ಇಲ್ಲವೆನ್ನಲಿಲ್ಲ. ನಾನೂ ಅನ್ನಲಿಲ್ಲ. ತಿಂಗಳು ಕಳೆದ ಮೇಲೆ, ಸೊರಗಿ ಅರ್ಧವಾಗಿದ್ದ ಶಮೀಮ್ ಆಪಾ ಜಗಲಿಯ ಕೆಳಗೆ ಬಂದು ನಿಂತರು. "ಅಣ್ಣ, ನಮ್ ಮಗೂನ ಒಳಕ್ ಕರ್ಕೊಂಡಿದ್ಕೆ ಅಮ್ಮ ಹೋದ್ರು. ಮಾಫ್ ಮಾಡ್ಬುಡಿ," ಎಂದು ಕೈಮುಗಿದರು. ಬೀದಿಯಲ್ಲಿ ಮೂರು ನಾಲ್ಕು ಮಂದಿ ನಿಂತು ಕೇಳುತ್ತಿದ್ದರು. ದೊಡ್ಡಪ್ಪ ಜಗಲಿ ಇಳಿದು ಬಂದರು.

"ನಿಮ್ಮಿಂದ ಅಲ್ಲಮ್ಮ," ಎಂದರು, ಬೀದಿಗೂ ಕೇಳುವ ಹಾಗೆ. "ನಾನ್ ತಂದಿದ್ದು. ಕುಣಿಗಲ್‌ನಿಂದ. ಈ ಹುಡ್ಗಿಗೂ ಗೊತ್ತು. ಬಾಯ್ ಮುಚ್ಚಿಸ್ದೋನು ನಾನೇ."

ಅಜ್ಜಿ ಸತ್ತ ದಿನ ಅಳದಿದ್ದ ನಾನು ಆಗ ಅತ್ತೆ.

ಆ ಮಾತಿನ ಮೇಲೆ ಮನೆ ಉಳಿಯಲಿಲ್ಲ. ಅಪ್ಪ ತಮ್ಮ ಅಣ್ಣನ ಜೊತೆ ಎರಡು ವರ್ಷ ಮಾತು ಬಿಟ್ಟರು. ಮನೆ ಮಾರಿ, ಕೆಡವಿ, ಅಲ್ಲೀಗ ಟೈಲ್ಸ್ ಗೋಡೌನ್ ಎದ್ದಿದೆ. ಸಂಡೇ ಸ್ಕೂಲ್ ಬಿಟ್ಟ ದೊಡ್ಡಪ್ಪ ಬಾಡಿಗೆ ರೂಮಿನಲ್ಲಿ ಒಬ್ಬರೇ ಇದ್ದರು. ಕೊರೊನಾದಲ್ಲೇ ಕೆಟ್ಟಿದ್ದ ಶ್ವಾಸಕೋಶ ಪೂರ್ತಿ ಸೋತ ಮೇಲೆ ಅಪ್ಪನೇ ಹೋಗಿ ಅವರನ್ನು ನಮ್ಮ ಮನೆಗೆ ಕರೆತಂದರು. ಮಧ್ಯಾಹ್ನಗಳಲ್ಲಿ ನಾನು ಅವರಿಗೆ ಓದಿ ಹೇಳುತ್ತಿದ್ದೆ. ಒಂದು ದಿನ ಬಿರುಗಾಳಿಗೆ ಸಿಕ್ಕ ದೋಣಿಯ ಪ್ರಸಂಗ ಓದಿ ನಿಲ್ಲಿಸಿ, "ಆ ದೋಣಿ ಅಂದ್ರೆ ಏನು ದೊಡ್ಡಪ್ಪ?" ಎಂದೆ.

"ಗೊತ್ತಿಲ್ಲ ಕಣವ್ವ. ಇನ್ನೊಂದ್ಸಲ ಓದು. ನಿಧಾನಕ್ಕೆ."

ನಾನು ಮೊದಲಿಂದ ಓದಿದೆ. ಮುಗಿಸಿ ತಲೆಯೆತ್ತಿದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಕೇಳುತ್ತಿದ್ದರೋ ನಿದ್ದೆ ಹೋಗಿದ್ದರೋ ತಿಳಿಯಲಿಲ್ಲ. ಆ ಚಳಿಗಾಲ ಕಳೆಯುವ ಮೊದಲೇ ಅವರೂ ಹೋದರು. ಈಗ ನಮ್ಮ ಮನೆಯಲ್ಲಿ ಓದು ಎಂದು ಕೇಳುವವರಿಲ್ಲ.