ಹೊಸ ನೀರಿನ ಪರವಾನಗಿ

ಶೌಕಿಗೆ ಗಾಳ ಹಾಕುವವರಿಗೆ ಸರಕಾರದ ಪರವಾನಗಿ ಇರಬೇಕು ಎಂದು ನಮ್ಮ ಊರಿನಲ್ಲಿ ಮೊದಲು ಬಾಯಿ ತೆರೆದವನು ನಾನೇ. ಯಾರೂ ನನ್ನನ್ನು ಕೇಳಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಅರ್ಜಿ ಬರೆದೆ. ಆ ಕೈಯನ್ನು ಆಗಲೇ ಯಾರಾದರೂ ಹಿಡಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಈಗ ಬಸವಕಲ್ಯಾಣ ಎನ್ನುತ್ತಾರಲ್ಲ, ಆಗ ಅದು ಬರೀ ಕಲ್ಯಾಣಿ. ನಾನು ಅಲ್ಲಿನ ಶಾಲೆಯಲ್ಲಿ ಮಾಸ್ತರ. ಪಾಠ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ. ಜುಮ್ಮಾ ದಿನ, ಅಂದರೆ ಶುಕ್ರವಾರ, ರಜೆ. ರಜೆ ಬಂತೆಂದರೆ ಬಿದಿರು ಕೋಲು, ಜೋಳದ ಹಿಟ್ಟಿನ ಉಂಡೆ, ಒಂದು ಡಬ್ಬಿ ಎರೆಹುಳು ಹಿಡಿದು ಊರ ಹೊರಗಿನ ದೊಡ್ಡ ಕೆರೆಗೆ ಹೋಗುತ್ತಿದ್ದೆ. ನನ್ನಂಥ ಹುಚ್ಚರು ಇನ್ನೂ ಐದಾರು ಮಂದಿ ಇದ್ದರು: ಒಬ್ಬ ದರ್ಜಿ, ಒಬ್ಬ ಹಕೀಮ, ಕಚೇರಿಯ ಇಬ್ಬರು ಗುಮಾಸ್ತರು. ಸಂಜೆಗೆ ಒಂದೋ ಎರಡೋ ಮೀನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಹೆಂಡತಿಯ ಕೈಯಲ್ಲಿ ಮಂಗಳಾರತಿ.

ಕೆರೆಯ ದಂಡೆಯ ಮೇಲೆ ಅಂಬಿಗರ ನಾಲ್ಕಾರು ಮನೆಗಳಿದ್ದವು. ನಮಗೆ ಶೌಕು, ಅವರಿಗೆ ಹೊಟ್ಟೆಪಾಡು. ಅವರ ಹಿರಿಯನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಒಣಗಿದ ಮೈ, ನೀರಲ್ಲಿ ನೆನೆದು ನೆನೆದು ಬೆಳ್ಳಗಾದ ಪಾದಗಳು. ಹೆಚ್ಚು ಮಾತಿನ ಮನುಷ್ಯನಲ್ಲ.

ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದು ಹಳ್ಳದಲ್ಲಿ ಮೊದಲ ಕೆಂಪು ನೀರು ಇಳಿದ ದಿನ ಕಾಕಾ ತನ್ನ ಬಲೆಯನ್ನು ಬೇವಿನ ಮರಕ್ಕೆ ಕಟ್ಟಿಬಿಡುತ್ತಿದ್ದ. ಆ ನೀರಿಗೆ ಎದುರಾಗಿ ತತ್ತಿ ತುಂಬಿದ ಮೀನುಗಳು ಕೆರೆಯಿಂದ ಹಳ್ಳಕ್ಕೆ ಏರುತ್ತವೆ, ಹುಲ್ಲಿನ ಮಡುವಿನಲ್ಲಿ ತತ್ತಿ ಇಡುತ್ತವೆ. ಆಗ ಅವು ಕುರುಡಾದಂತೆ ಇರುತ್ತವೆ, ಕೈಯಿಂದಲೂ ಹಿಡಿಯಬಹುದು. ಬಲೆ ಕಟ್ಟಿದ ಮೇಲೆ ಕಾಕಾ ಒಂದು ಒಣ ಸೋರೆಬುರುಡೆ ಹಿಡಿದು ನಮ್ಮ ಮನೆಗಳಿಗೆ ಬರುತ್ತಿದ್ದ. ಗಾಳದ ಮುಳ್ಳು ಬಿಚ್ಚಿ ಅದರೊಳಗೆ ಹಾಕಬೇಕು. ನಾಗರಪಂಚಮಿ ಮುಗಿದ ಮರುದಿನ ಪ್ರತಿ ಮುಳ್ಳಿಗೂ ಎಣ್ಣೆ ಸವರಿ, ಯಾರದ್ದು ಅವರಿಗೆ ವಾಪಸು ಕೊಡುತ್ತಿದ್ದ. ಒಮ್ಮೆಯೂ ಅದಲು ಬದಲಾಗಲಿಲ್ಲ. ಬಾಗಿಲಲ್ಲಿ ನಿಂತು ಅವನು ಅನ್ನುತ್ತಿದ್ದದ್ದು ಒಂದೇ ಮಾತು, "ಹಾಕ್ರಿ."

ನನ್ನ ಹೆಂಡತಿ ಒಳಗಿನಿಂದ ನಗುತ್ತಿದ್ದಳು. "ಬಂದ ನೋಡ್ರಿ ನಿಮ್ಮ ಜಮಾದಾರ. ನನ್ನ ಮಾತು ಕೇಳಲಾರದ ಗಂಡಸು, ಅವನ ಮುಂದ ಹ್ಯಾಂಗ ತಲಿ ಬಾಗಿಸ್ತೀರಿ ನೋಡ್ರಿ!"

ಹೌದು, ಬಾಗಿಸುತ್ತಿದ್ದೆವು. ಕಚೇರಿಯ ಗುಮಾಸ್ತರೂ ಬಾಗಿಸುತ್ತಿದ್ದರು. ಯಾವ ಕಾನೂನೂ ಇರಲಿಲ್ಲ. ಎರಡು ತಿಂಗಳು ತನ್ನ ಮನೆಯ ಬಲೆಯನ್ನೇ ಕಟ್ಟಿಟ್ಟು ಒಣಮೀನು, ರೊಟ್ಟಿ ತಿನ್ನುವ ಮನುಷ್ಯ ಎದುರಿಗೆ ನಿಂತಾಗ ಇಲ್ಲ ಎನ್ನಲು ನಾಚಿಕೆಯಾಗುತ್ತಿತ್ತು, ಅಷ್ಟೇ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಎಲ್ಲ ಕೆಟ್ಟಿತು. ಯುದ್ಧದಲ್ಲಿ ದುಡ್ಡು ಕಂಡ ಹುಮನಾಬಾದಿನ ವ್ಯಾಪಾರಿಗಳು, ಗುತ್ತಿಗೆದಾರರು, ಅವರ ಬೀಗರು, ಬೀಗರ ಗೆಳೆಯರು ಜುಮ್ಮಾ ಬಂತೆಂದರೆ ಮೋಟಾರು ಹತ್ತಿ ಬರತೊಡಗಿದರು. ದಂಡೆಯ ಮೇಲೆ ಕೂರಲು ಜಾಗವಿಲ್ಲ. ಒಬ್ಬೊಬ್ಬನ ಮುಂದೆ ಮೂರು ಮೂರು ಕೋಲು. ತಿನ್ನುವುದಕ್ಕಿಂತ ಹೆಚ್ಚು ಹಿಡಿಯುವುದು, ಬೆರಳುದ್ದದ ಮರಿಗಳನ್ನು ದಂಡೆಯ ಮೇಲೆ ಬಿಸಿಲಿಗೆ ಬಿಟ್ಟು ಹೋಗುವುದು. ಅಂಬಿಗರ ಬಲೆಗೆ ಬೀಳುವ ಮೀನು ವರ್ಷದಿಂದ ವರ್ಷಕ್ಕೆ ಸಣ್ಣದಾಯಿತು. ಹೊಸ ನೀರು ಬಂದಾಗ ಕಾಕಾ ಬುರುಡೆ ಹಿಡಿದು ಹೋದರೆ, "ಇದೇನು ನಿಮ್ಮಪ್ಪನ ಕೆರಿ ಏನಲೇ?" ಎಂದು ಒಬ್ಬ ನಕ್ಕ. ಇನ್ನೊಬ್ಬ ಸೇದಿದ ಬೀಡಿಯ ತುಂಡನ್ನು ಆ ಬುರುಡೆಯೊಳಗೆ ಹಾಕಿದ. ಕಾಕಾ ಬುರುಡೆ ಬಗ್ಗಿಸಿ ಅದನ್ನು ಕೊಡವಿ ಮುಂದೆ ಹೋದ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಆ ಸಿಟ್ಟಿನಲ್ಲೇ ಅರ್ಜಿ ಬರೆದೆ. ಎರಡು ಮಾತು ಕೇಳಿದ್ದೆ. ಒಂದು, ಪರವಾನಗಿ ಇಲ್ಲದೆ ಯಾರೂ ಗಾಳ ಹಾಕಕೂಡದು. ಎರಡು, ಮಿರಗದಿಂದ ಪಂಚಮಿಯವರೆಗೆ ಪರವಾನಗಿ ಇದ್ದವರೂ ಹಾಕಕೂಡದು. ಉರ್ದುವಿನಲ್ಲಿ ಎಂಥ ಅರ್ಜಿ ಅಂತೀರಿ, ಓದಿದರೆ ಕಲ್ಲೂ ಕರಗಬೇಕು! ಕಚೇರಿಯ ದೊಡ್ಡ ಸಾಹೇಬರಿಗೂ ಗಾಳದ ಚಟ ಇತ್ತು. ಅರ್ಜಿ ಓದಿ "ವಾಹ್ ಮಾಸ್ಟರ್ ಸಾಬ್" ಎಂದರು. ಬೇಸಿಗೆ ಮುಗಿಯುವುದರೊಳಗೆ ಹುಕುಂ ಬರೆದು ಸಿದ್ಧ ಮಾಡಿಸಿ, ಹೊರಡಿಸುವ ಮೊದಲು ನನಗೆ ತೋರಿಸಿದರು. ಅದರಲ್ಲಿ ಮೊದಲ ಮಾತಿತ್ತು, ಎರಡನೆಯದು ಇರಲಿಲ್ಲ. ಕೇಳಿದೆ. "ಒಂದೊಂದೇ ಆಗಲಿ ಮಾಸ್ಟರ್ ಸಾಬ್. ಮೊದಲು ಪರವಾನಗಿ ಬರಲಿ, ಉಳಿದದ್ದು ಮುಂದಿನ ಸಾಲಿಗೆ ನೋಡೋಣ" ಎಂದರು. ನಾನು ಗೋಣು ಹಾಕಿದೆ. ಮೊದಲ ಪರವಾನಗಿಯನ್ನು ನನ್ನ ಹೆಸರಿಗೇ ಬರೆಸಿ ಮೊಹರು ಒತ್ತಿಸಿದ್ದರು. ಅದನ್ನು ನೋಡಿ ನನ್ನ ಎದೆ ಎರಡು ಗೇಣು ಉಬ್ಬಿತ್ತು, ಕಣ್ಣಿಗೆ ಬೇರೇನೂ ಕಾಣಲಿಲ್ಲ.

ನೇರವಾಗಿ ಕೆರೆಯ ದಂಡೆಗೆ ಹೋದೆ. ಕಾಕಾ ಬಲೆಯ ಹರಿದ ಕಣ್ಣು ಹೊಲಿಯುತ್ತ ಕೂತಿದ್ದ. ಅವನ ಹೆಂಡತಿ ಪಕ್ಕದಲ್ಲಿ ದಾರ ಹೊಸೆಯುತ್ತಿದ್ದಳು. ಪರವಾನಗಿಯ ಕಾಗದ ಓದಿ, ಹುಕುಮಿನ ಮಾತೂ ಹೇಳಿದೆ.

"ಇದರಾಗ ಪಂಚಮಿ ಮಾತು ಅದ ಏನ್ರಿ ಮಾಸ್ತರ್ರ?" ಎಂದ.

"ಅದು ಬರೂ ವರ್ಷ ಬರ್ತದ ಕಾಕಾ."

"ಹಂಗಾದ್ರ ಈ ವರ್ಷ?"

"ಈ ವರ್ಷ ಪರವಾನಗಿ ಇಲ್ದವ್ರು ಬರಂಗಿಲ್ಲ. ಕಚೇರಿಗಿ ಹೋಗಿ ಅಲೆದಾಡೋರು ಯಾರು? ಮಂದಿ ತಾನೇ ಕಡಿಮಿ ಆಗ್ತದ. ನೀ ಇನ್ನ ಆ ಬುರುಡಿ ಹಿಡ್ಕೊಂಡು ಮನಿ ಮನಿ ತಿರುಗಬ್ಯಾಡ. ಸರಕಾರದ ಹುಕುಂ ಬಂದ ಮ್ಯಾಲ ಹಂಗ ತಿರುಗಿದ್ರ ಮಂದಿ ನಗ್ತಾರ."

ಕಾಕಾ ದಾರ ಕಚ್ಚಿ ತುಂಡು ಮಾಡಿದ. "ಕಾಗದ ನೋಡಿ ಮೀನ ತತ್ತಿ ಇಡ್ತಾವೇನ್ರಿ?"

"ನಿನಗ ತಿಳೆಂಗಿಲ್ಲ, ಸುಮ್ಕಿರು" ಎಂದು ಗದರಿದೆ. ಶಾಲೆಯಲ್ಲಿ ಗದರಿ ಗದರಿ ನನಗೆ ಅದೇ ರೂಢಿ. ಅವನು ನಾಲ್ಕಕ್ಷರ ಕಲಿತವನ ಮಾತು ಎಂದು ನಂಬಿದ. ಆ ವರ್ಷ ಯಾರ ಮನೆಗೂ ಹೋಗಲಿಲ್ಲ.

ಮಿರಗ ಬಂತು. ಹಳ್ಳದ ಬಾಯಲ್ಲಿ ಜಾತ್ರೆಗಿಂತ ಹೆಚ್ಚು ಮಂದಿ! ಹುಮನಾಬಾದಿನವರು ಒಬ್ಬರೂ ಬಿಡದೆ ಪರವಾನಗಿ ಮಾಡಿಸಿದ್ದರು. ಅವರಿಗೇನು, ಆಳು ಕಳಿಸಿದರೆ ಕಚೇರಿಯ ಕೆಲಸ ಆಗುತ್ತದೆ. ಅದಿರಲಿ. ಎಷ್ಟೋ ವರ್ಷ ಬುರುಡೆಗೆ ಮುಳ್ಳು ಹಾಕಿದ ನಮ್ಮ ದರ್ಜಿ, ನಮ್ಮ ಹಕೀಮ, ಅವರೂ ಬಂದು ಕೂತಿದ್ದರು. ಕಾಕಾ ಒಬ್ಬೊಬ್ಬರ ಮುಂದೆ ನಿಂತು ಕೈಮುಗಿದ. "ತತ್ತಿ ಮೀನ ಅದಾವ್ರಿ, ಪಂಚಮಿ ತನಕ ಬಿಡ್ರಿ" ಎಂದ. ಅವರು ಅಂಗಿಯ ಜೇಬಿನಿಂದ ಕಾಗದ ತೆಗೆದು ತೋರಿಸಿದರು. ದರ್ಜಿ ಮುಖ ತಿರುಗಿಸಿಕೊಂಡೇ ತೋರಿಸಿದನಂತೆ. ಮೊದಲು ಕದ್ದು ಹಿಡಿಯುವವನಿಗೂ ಒಂದು ಅಳುಕಿತ್ತು. ನಾನು ಬರೆಸಿದ ಕಾಗದ ಆ ಅಳುಕನ್ನೂ ತೆಗೆದುಹಾಕಿತ್ತು.

ಕಾಕಾ ಒದ್ದೆ ಮೈಯಲ್ಲೇ ನನ್ನ ಮನೆಗೆ ಓಡಿ ಬಂದ. ನಾನು ಕಚೇರಿಗೆ ಓಡಿದೆ. ಸಾಹೇಬರು ಸಮಾಧಾನವಾಗಿಯೇ ಹೇಳಿದರು, "ಪರವಾನಗಿ ಒಂದು ವರ್ಷದ್ದು. ಮಳೆಗಾಲ ವರ್ಷದ ಒಳಗೆ ಬರುವುದಿಲ್ಲವೇನು ಮಾಸ್ಟರ್ ಸಾಬ್?" ಕೋಣೆಯ ಮೂಲೆಯಲ್ಲಿ ಅವರ ಗಾಳದ ಕೋಲು ಒರಗಿತ್ತು. ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಸಲಾಮು ಮಾಡಿ ಹೊರಗೆ ಬಂದೆ.

ಇನ್ನು ಹೇಳಬಾರದ್ದನ್ನು ಹೇಳಿಬಿಡುತ್ತೇನೆ. ಮುಂದಿನ ಜುಮ್ಮಾಕ್ಕೆ ನಾನೂ ಹೋದೆ. ಮಂದಿಗೆ ತಿಳಿಹೇಳಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿ, ಕೋಲು ಹಿಡಿದು ಹೋದೆ. ತಿಳಿಹೇಳಲು ಹೋಗುವವನಿಗೆ ಕೋಲು ಯಾಕೆ? ಎಲ್ಲರೂ ಹಿಡಿಯುತ್ತಿದ್ದಾರೆ, ನಾನೊಬ್ಬ ಬಿಟ್ಟರೆ ಕೆರೆ ಉಳಿಯುತ್ತದೆಯೇ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾದ ಮಾಡಿದೆ. ಮುಳ್ಳು ನೀರಿಗೆ ಬೀಳುತ್ತಲೇ ಮೀನು ಕಚ್ಚಿತು. ಮೊಳದುದ್ದ ಇತ್ತು. ಹೊಟ್ಟೆ ಬಿಗಿದಿತ್ತು. ಮುಳ್ಳು ಬಿಡಿಸುವಾಗ ಹೊಟ್ಟೆಯ ಮೇಲೆ ಬೆರಳು ಒತ್ತಿತು, ಹಳದಿ ತತ್ತಿ ಅಂಗೈ ತುಂಬ ಸುರಿಯಿತು. ಕೈ ತೊಳೆದುಕೊಂಡು ಮೀನನ್ನು ಮನೆಗೆ ತಂದೆ.

ಹೆಂಡತಿ ಅಡಿಗೆ ಮಾಡಿ ಬಡಿಸಿದಳು, ತಾನು ಕೂರಲಿಲ್ಲ. "ಕಾಕಾನ ಮನ್ಯಾಗ ಬಲಿ ಇನ್ನಾ ಗಿಡದ ಮ್ಯಾಲ ಅದ. ನೀವು ತಿನ್ರಿ, ನಿಮಗ ಕಾಗದ ಅದ" ಎಂದಳು. ತಾಟು ಸರಿಸಿ ಕೂಗಾಡಿದೆ. ಆಮೇಲೆ ಮತ್ತೆ ಎಳೆದುಕೊಂಡು ತಿಂದೆ. ಥೂ ನನ್ನ ಬಾಳಿಗಿಷ್ಟು!

ಆ ವರ್ಷದ ಚಳಿಗಾಲದಲ್ಲಿ ಅಂಬಿಗರ ಬಲೆಗೆ ಬಿದ್ದದ್ದು ಪಾಚಿ ಮತ್ತು ಏಡಿ. ಮುಂದಿನ ಸಾಲಿಗೆ ಎಂದಿದ್ದ ಸಾಹೇಬರಿಗೆ ವರ್ಗವಾಯಿತು. ಹೊಸಬರಿಗೆ ಮತ್ತೆ ಅರ್ಜಿ ಕೊಟ್ಟೆ, ಜವಾಬು ಬರಲಿಲ್ಲ. ಮರುವರ್ಷ ಮಿರಗದ ಮಳೆ ಬಿದ್ದ ದಿನ ಕಾಕಾ ಬಾಗಿಲಲ್ಲಿ ನಿಂತ. ಮೈ ಅರ್ಧಕ್ಕೆ ಇಳಿದಿತ್ತು.

"ಮಾಸ್ತರ್ರ, ನನಗೂ ಒಂದು ಅರ್ಜಿ ಬರ್ದು ಕೊಡ್ರಿ. ಬಲಿ ಹಾಕಾಕೂ ಈಗ ಕಾಗದ ಕೇಳ್ತಾರ."

"ಯಾವಾಗಿಂದ?"

"ಇವತ್ತಿಂದ್ರಿ. ಹೊಸ ನೀರಾಗ ಹಾಕ್ತೀನಿ."

"ಕಾಕಾ, ತತ್ತಿ ಮೀನ! ನೀನೇ ಹಿಂಗಂದ್ರ ಹ್ಯಾಂಗ? ಉಳಿಸಬೇಕಲ್ಲ?"

"ಯಾರಿಗಿ ಉಳಿಸ್ಲಿರಿ? ಹುಮನಾಬಾದಿನವ್ರಿಗೇನ್ರಿ?" ಎಂದ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಹೊತ್ತೆಷ್ಟಾಯಿತು ಎಂದು ಕೇಳುವವನ ಹಾಗೆ ಕೇಳಿದ. ನಾನು ಬರೆದುಕೊಟ್ಟೆ. ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿದ, ಮಸಿಯನ್ನು ತಲೆಗೆ ಒರೆಸಿಕೊಂಡು ಹೋದ.

ಕಾಗದ ಮಾಡಿಸಿಕೊಂಡು ಹಳ್ಳದ ಬಾಯಿಗೆ ಅಡ್ಡ ಬಲೆ ಹಾಕಿದ. ಶೌಕೀನರು ಹಾ ಹಾ ಎಂದು ಬೊಬ್ಬೆ ಹೊಡೆದರು. ಅಂಬಿಗನಿಗೆ ದಯೆ ದಾಕ್ಷಿಣ್ಯ ಇಲ್ಲ ಎಂದು ಕಚೇರಿಗೆ ದೂರನ್ನೂ ಕೊಟ್ಟರು, ನಾಚಿಕೆಗೆಟ್ಟವರು. ಬಲೆಗೆ ಬಿದ್ದದ್ದು ಎರಡು ಬುಟ್ಟಿ. ಅಷ್ಟೇ ಉಳಿದಿದ್ದವು. ಅವನ ಹೆಂಡತಿ ಅವುಗಳನ್ನು ಮುಟ್ಟಲಿಲ್ಲ, ಸಂತೆಗೂ ಒಯ್ಯಲಿಲ್ಲ. ಕಾಕಾನೇ ತಲೆಯ ಮೇಲೆ ಹೊತ್ತು ಮಾರಿ ಬಂದ.

ಮರುವರ್ಷ ಕೆಂಪು ನೀರು ಇಳಿಯಿತು. ಒಂದು ಮೀನೂ ಏರಲಿಲ್ಲ. ಜೇಬಿನಲ್ಲಿ ಪರವಾನಗಿ ಇದ್ದವರು ಎರಡು ಜುಮ್ಮಾ ಬಂದು ಕೂತು, ಆಕಳಿಸಿ, ಬೇರೆ ಊರಿನ ಕೆರೆ ಹುಡುಕಿಕೊಂಡು ಹೋದರು. ಅಂಬಿಗರ ಮನೆಗಳ ಬಾಗಿಲಿಗೆ ಆ ಬೇಸಿಗೆಯಲ್ಲೇ, ಮಳೆಗೂ ಮೊದಲೇ, ಮುಳ್ಳುಕಂಟಿ ಬಿದ್ದಿತ್ತು. ಕೂಲಿ ಹುಡುಕಿ ಎಲ್ಲಿಗೋ ಹೋದರು ಎಂದರು.

ಪರವಾನಗಿ ಇರಬಾರದು ಎಂದು ನಾನು ಈಗಲೂ ಹೇಳುವುದಿಲ್ಲ. ಇರಬೇಕು. ಆದರೆ ಹಿಡಿಯಬೇಡ ಎಂದು ಹೇಳುವ ಕಾಲ ಅದರಲ್ಲಿ ಇರಬೇಕು, ಹಾಗೆ ಹೇಳುವ ಮನುಷ್ಯನೂ ದಂಡೆಯ ಮೇಲೆ ಇರಬೇಕು. ನಾನು ಕಾಗದ ತಂದು ಮನುಷ್ಯನನ್ನು ಮನೆಗೆ ಕಳಿಸಿದೆ. ಓದಿದವರು ಮಾಡುವ ತಪ್ಪು ಇದು. ಓದದವರು ಇಷ್ಟು ದೊಡ್ಡ ತಪ್ಪು ಮಾಡಲಾರರು.

ಮೀನು ಏರದ ಆ ವರ್ಷದ ಶ್ರಾವಣದ ಕೊನೆಯಲ್ಲಿ ಶಾಲೆಯ ಕೆಲಸಕ್ಕೆಂದು ಹುಮನಾಬಾದಿಗೆ ಹೋಗಿದ್ದೆ. ಕೆಲಸ ಮುಗಿಸಿ, ಮನ್ನಾಏಖೇಳ್ಳಿಯಲ್ಲಿದ್ದ ತಂಗಿಯನ್ನು ನೋಡಿಬರಲು ಹೊರಟೆ. ರಸ್ತೆಯ ಪಕ್ಕದಲ್ಲಿ ಜಲ್ಲಿ ಒಡೆಯುವ ಕೂಲಿಯವರು ಸಾಲಾಗಿ ಕೂತಿದ್ದರು. "ಮಾಸ್ತರ್ರ, ಶರಣ್ರಿ" ಎಂದು ಯಾರೋ ಕೂಗಿದರು. ಕಾಕಾ. ಬೆರಳಿಗೆಲ್ಲ ಚಿಂದಿ ಸುತ್ತಿದ್ದ. ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಮುಚ್ಚಿಹೋಗಿತ್ತು. ಹೆಂಡತಿ ಮೊಣಕಾಲ ನಡುವೆ ಕಲ್ಲು ಇಟ್ಟುಕೊಂಡು ಕುಟ್ಟುತ್ತಿದ್ದಳು. ನನ್ನನ್ನು ನೋಡಿಯೂ ನೋಡದ ಹಾಗೆ ಇದ್ದಳು.

ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದೇ ನಿಂತೆ. ಅವನು ಕೇಳಿದ್ದು ಬೇರೆ.

"ಈ ವರ್ಷ ಹೊಸ ನೀರು ಬಂತೇನ್ರಿ?"

"ಬಂತು ಕಾಕಾ."

"ಮೀನ ಏರಿದುವೇನ್ರಿ?"

ಇಲ್ಲ ಎನ್ನಲು ಬಾಯಿ ತೆರೆದೆ. ಆ ಉಳಿದ ಒಂದು ಕಣ್ಣು ನನ್ನ ಮೇಲೆಯೇ ಇತ್ತು. "ಏರಿದುವು" ಎಂದೆ.

"ಭಾಳ ಏರಿದುವೇನ್ರಿ?"

"ಭಾಳ."

ಅವನ ಮುಖ ಅರಳಿದ್ದನ್ನು ನೋಡಲಾಗಲಿಲ್ಲ. "ಕೇಳ್ದೇನ? ಮಾಸ್ತರ್ರು ಹೇಳಾಕತ್ತ್ಯಾರ, ಮೀನ ಏರ್ಯಾವಂತ! ದೀಪಾವಳಿಗಿ ಮನಿಗಿ ಹೋಗೂಣು" ಎಂದು ಹೆಂಡತಿಯ ಕಡೆ ತಿರುಗಿ ಕೂಗಿದ. ಸುತ್ತಿಗೆ ನಿಂತಿತು. ಮುದುಕಿ ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ಗಂಡನಿಗೆ ಏನೂ ಹೇಳಲಿಲ್ಲ. ಇನ್ನೊಂದು ಕಲ್ಲು ಎಳೆದುಕೊಂಡು ಕುಟ್ಟತೊಡಗಿದಳು.